ಕಂಟೇನರ್‌ಗಳಲ್ಲಿ ಮ್ಯಾಟ್ರಿಕ್ಸ್ ಸಿನಾಪ್ಸ್: ಸ್ವಂತ ಚಾಟ್ ಸರ್ವರ್ ನಡೆಸುವವರಿಗೊಂದು ವಿಮರ್ಶೆ

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಮ್ಯಾಟ್ರಿಕ್ಸ್ ಎಂಬ ಸಂದೇಶ ಜಾಲದ ಸಿನಾಪ್ಸ್ ಎಂಬ ಸರ್ವರ್ ತಂತ್ರಾಂಶವನ್ನು. ಅದರಲ್ಲೂ ಡಾಕರ್ ಕಂಪೋಸ್ (ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ, ಒಂದೇ ಕಡತದ ವಿವರಣೆಯಂತೆ ಓಡಿಸುವ ಸಾಧನ) ಮೂಲಕ, ಬಾಡಿಗೆಗೆ ಪಡೆದ ಒಂದೇ ವರ್ಚುವಲ್ ಯಂತ್ರದ ಮೇಲೆ, ಐವತ್ತರ ಒಳಗಿನ ಸದಸ್ಯರಿರುವ ಸಂಸ್ಥೆಯೊಂದರ ಒಳಬಳಕೆಗಾಗಿ ಅದನ್ನು ನಿಲ್ಲಿಸುವ ಬಗೆಯನ್ನು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ತಂತ್ರಾಂಶ ಗಟ್ಟಿಯಾಗಿದೆ, ಕಂಟೇನರ್ ವ್ಯವಸ್ಥೆಯಿಂದಾಗಿ ಅದನ್ನು ಅಳವಡಿಸುವುದು ಅರ್ಧ ದಿನದ ಕೆಲಸವಾಗಿದೆ. ಆದರೆ ಚಾಟ್ ಸರ್ವರ್ ನಡೆಸುವುದರಲ್ಲಿ ಕಷ್ಟದ ಭಾಗ ಯಾವುದೋ ಅದೆಲ್ಲವೂ ಕಂಟೇನರಿನ ಹೊರಗೇ ಉಳಿದುಕೊಳ್ಳುತ್ತದೆ. ಹೆಸರಿನ ಆಯ್ಕೆ, ಡೇಟಾಬೇಸಿನ ಸ್ಥಿತಿ, ಹೊರಗಿನ ಕೋರಿಕೆಗಳನ್ನು ಸರ್ವರಿಗೆ ದಾಟಿಸುವ ಪ್ರಾಕ್ಸಿ, ಕರೆಗಳಿಗೆ ಬೇಕಾದ ಜಾಲಸಂಪರ್ಕ, ಸದಸ್ಯರ ಕೀಲಿಗಳು, ಬ್ಯಾಕಪ್: ಇವುಗಳಲ್ಲಿ ಒಂದನ್ನೂ ಡಾಕರ್ ನಮ್ಮ ಪರವಾಗಿ ಯೋಚಿಸಿ ಕೊಡುವುದಿಲ್ಲ. ಎರಡೇ ಆಜ್ಞೆಗಳಲ್ಲಿ ಚಾಟ್ ಸರ್ವರ್ ಸಿದ್ಧವೆಂದು ಹೇಳುವ ಮಾರ್ಗದರ್ಶಿಗಳನ್ನು ಓದಿ ಹೊರಟವರಿಗೆ ಈ ವ್ಯತ್ಯಾಸ ತಿಳಿಯುವುದು ಸರ್ವರ್ ಬಳಕೆಗೆ ಬಿದ್ದು ಕೆಲವು ತಿಂಗಳಾದ ಮೇಲೆ.

ಮ್ಯಾಟ್ರಿಕ್ಸ್ ಸಂದೇಶ ವಿನಿಮಯದ ಒಂದು ಮುಕ್ತ ಮಾನಕ. ಇದು ಹೊರಬಂದದ್ದು 2014ರಲ್ಲಿ; ಮೊದಲ ಸ್ಥಿರ ಆವೃತ್ತಿ, ಅಂದರೆ 1.0, ಪ್ರಕಟವಾದದ್ದು 2019ರ ಜೂನ್‌ನಲ್ಲಿ. ಇಮೇಲ್‌ನಂತೆ ಇಲ್ಲಿಯೂ ಪ್ರತಿಯೊಂದು ಸಂಸ್ಥೆ ತನ್ನದೇ ಸರ್ವರ್ ಇಟ್ಟುಕೊಂಡು ಇತರ ಸರ್ವರ್‌ಗಳ ಬಳಕೆದಾರರೊಡನೆ ಮಾತನಾಡಬಹುದು. ಬೇಡವೆಂದರೆ ಬಾಗಿಲು ಹಾಕಿಕೊಂಡು ಒಳಗಿನವರಷ್ಟೇ ಮಾತನಾಡಿಕೊಳ್ಳಬಹುದು. ಫ್ರಾನ್ಸ್ ಸರ್ಕಾರದ ಟ್ಚಾಪ್ ಮತ್ತು ಜರ್ಮನ್ ಸೇನೆಯ ಬಿಡಬ್ಲ್ಯು ಮೆಸೆಂಜರ್ ನಿಂತಿರುವುದು ಇದೇ ಮಾನಕದ ಮೇಲೆ ಎಂಬುದನ್ನು ನೋಡಿದರೆ, ಇದು ಹವ್ಯಾಸಿಗಳ ಆಟಿಕೆ ಎಂಬ ಅನುಮಾನ ಉಳಿಯುವುದಿಲ್ಲ. ಮಾನಕವನ್ನು ಜಾರಿಗೊಳಿಸುವ ಸರ್ವರ್‌ಗಳು ಹಲವಿವೆ. ಅವುಗಳಲ್ಲಿ ಹಳೆಯದೂ ಹೆಚ್ಚು ಬಳಕೆಯಲ್ಲಿರುವುದೂ ಸಿನಾಪ್ಸ್. ಬಹುಪಾಲು ಪೈಥಾನಿನಲ್ಲಿ ಬರೆದದ್ದು, ಇತ್ತೀಚಿನ ವರ್ಷಗಳಲ್ಲಿ ಕೆಲವು ಭಾಗಗಳು ರಸ್ಟ್ ಭಾಷೆಗೆ ಹೋಗಿವೆ. 2023ರ ಕೊನೆಗೆ ಇದರ ಅಭಿವೃದ್ಧಿ, ಮ್ಯಾಟ್ರಿಕ್ಸ್ ಆ್ಯಪ್‌ಗಳನ್ನೂ ತಯಾರಿಸುವ ಎಲಿಮೆಂಟ್ ಕಂಪನಿಯ ಮೂಲ ಸಂಕೇತದ ಭಂಡಾರಕ್ಕೆ ಸ್ಥಳಾಂತರಗೊಂಡು, ಪರವಾನಗಿ ಅಪಾಚೆಯಿಂದ ಎಜಿಪಿಎಲ್‌ಗೆ ಬದಲಾಯಿತು. ತಂತ್ರಾಂಶವನ್ನು ಇದ್ದ ಹಾಗೆಯೇ ಬಳಸುವ ಸಂಸ್ಥೆಗೆ ಇದರಿಂದ ಏನೂ ತೊಂದರೆಯಿಲ್ಲ. ಮೂಲ ಸಂಕೇತವನ್ನು ತಿದ್ದಿ ಇತರರಿಗೆ ಸೇವೆಯಾಗಿ ಕೊಡುವವರು ಮಾತ್ರ ಆ ತಿದ್ದುಪಡಿಗಳನ್ನೂ ಬಳಕೆದಾರರಿಗೆ ತೆರೆದಿಡಬೇಕಾಗುತ್ತದೆ.

ಕಂಟೇನರ್ ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಸಿನಾಪ್ಸ್‌ಗೆ ಬೇಕಾದ ಪೈಥಾನ್ ಆವೃತ್ತಿ, ಹತ್ತಾರು ಗ್ರಂಥಾಲಯಗಳು, ರಸ್ಟ್‌ನಲ್ಲಿ ಕಟ್ಟಿದ ತುಣುಕುಗಳು, ನೆನಪಿನ (ಮೆಮೊರಿಯ) ಹಂಚಿಕೆಯನ್ನು ಸುಧಾರಿಸುವ ಜೆಮ್ಯಾಲಕ್ ಎಲ್ಲವೂ ಇಮೇಜಿನೊಳಗೇ (ಕಂಟೇನರ್ ಹುಟ್ಟುವ ಸಿದ್ಧ ಅಚ್ಚಿನೊಳಗೇ) ಹೊಂದಿಸಿಟ್ಟು ಬರುತ್ತವೆ. ಯಂತ್ರದ ಮೇಲೆ ಡೆಬಿಯನ್ ಇರಲಿ, ಉಬುಂಟು ಇರಲಿ, ಅದರ ಪೈಥಾನ್ ಹಳೆಯದಿರಲಿ, ನಮಗೆ ಸಂಬಂಧವಿಲ್ಲ. ಡೆಬಿಯನ್ ಪೊಟ್ಟಣಗಳ ಮೂಲಕವೂ ಸಿನಾಪ್ಸ್ ಸಿಗುತ್ತದೆ, ಅದೂ ಚೆನ್ನಾಗಿಯೇ ನಡೆಯುತ್ತದೆ. ಆದರೆ ಡೇಟಾಬೇಸ್, ವೆಬ್ ಮುಖ ಮತ್ತು ಸರ್ವರ್ ಮೂರನ್ನೂ ಒಂದೇ ಕಂಪೋಸ್ ಕಡತದಲ್ಲಿ ಕಣ್ಣಿಗೆ ಕಾಣುವಂತೆ ಬರೆದಿಟ್ಟರೆ, ಮುಂದೆ ಈ ಕೆಲಸವನ್ನು ವಹಿಸಿಕೊಳ್ಳುವವರಿಗೆ ಏನೆಲ್ಲ ನಡೆಯುತ್ತಿದೆ ಎಂಬುದು ಒಂದು ಪುಟದಲ್ಲಿ ತಿಳಿಯುತ್ತದೆ. ಸ್ವಯಂಸೇವಕರು ಬಂದು ಹೋಗುವ ಸಂಸ್ಥೆಗಳಲ್ಲಿ ಈ ಅನುಕೂಲಕ್ಕೆ ನಾನು ಕೊಡುವ ಬೆಲೆ ದೊಡ್ಡದು. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿಕೊಡುವ ಆನ್ಸಿಬಲ್ (ಅಳವಡಿಕೆಯನ್ನು ಸ್ವಯಂಚಾಲಿತಗೊಳಿಸುವ ಸಾಧನ) ಯೋಜನೆಯೊಂದು ಮ್ಯಾಟ್ರಿಕ್ಸ್ ಬಳಗದಲ್ಲಿ ಜನಪ್ರಿಯವಾಗಿದೆ, ಎಲಿಮೆಂಟ್ ಕಂಪನಿಯು ಕುಬರ್ನೆಟೀಸ್‌ಗಾಗಿ (ಅನೇಕ ಯಂತ್ರಗಳಲ್ಲಿ ಕಂಟೇನರ್‌ಗಳನ್ನು ನಿರ್ವಹಿಸುವ ವ್ಯವಸ್ಥೆ) ತನ್ನದೇ ಉಚಿತ ಸಮುದಾಯ ಆವೃತ್ತಿಯನ್ನೂ ಕೊಟ್ಟಿದೆ. ಐವತ್ತು ಜನರಿಗೆ ಕುಬರ್ನೆಟೀಸ್ ಬೇಕೇ ಎಂಬುದನ್ನು ಓದುಗರ ವಿವೇಕಕ್ಕೆ ಬಿಡುತ್ತೇನೆ.

ಅಳವಡಿಕೆಯ ಮೊದಲ ಹೆಜ್ಜೆ ಸೊಗಸಾಗಿದೆ. ಇಮೇಜನ್ನು ಜನರೇಟ್ ಎಂಬ ಪದದೊಡನೆ ಒಮ್ಮೆ ಓಡಿಸಿದರೆ ಡೇಟಾ ವಾಲ್ಯೂಮಿನಲ್ಲಿ (ಕಂಟೇನರ್ ಅಳಿದರೂ ಉಳಿಯುವ ದತ್ತಾಂಶದ ಜಾಗದಲ್ಲಿ) ಹೋಮ್‌ಸರ್ವರ್ ಹೆಸರಿನ ಯಾಮಲ್ ಸಂರಚನಾ ಕಡತ, ಲಾಗ್ ಸಂರಚನೆ ಮತ್ತು ಸಹಿ ಹಾಕುವ ಕೀಲಿ ಈ ಮೂರೂ ಹುಟ್ಟಿಕೊಳ್ಳುತ್ತವೆ. ಇಲ್ಲಿ ಕೊಡಬೇಕಾದದ್ದು ಎರಡೇ ಮಾಹಿತಿ: ಸರ್ವರಿನ ಹೆಸರು, ಮತ್ತು ಬಳಕೆಯ ಅಂಕಿಅಂಶಗಳನ್ನು ಅಭಿವೃದ್ಧಿಕಾರರಿಗೆ ಕಳಿಸಬೇಕೇ ಬೇಡವೇ ಎಂಬ ಒಪ್ಪಿಗೆ. ಎರಡನೆಯದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮೊದಲನೆಯದನ್ನು ಎಂದಿಗೂ ಬದಲಿಸಲಾಗದು. ಪ್ರತಿಯೊಬ್ಬ ಬಳಕೆದಾರರ ಗುರುತಿನ ಕೊನೆಯಲ್ಲಿ, ಪ್ರತಿಯೊಂದು ಕೋಣೆಯ (ಮಾತುಕತೆಯ ಗುಂಪಿನ) ಇತಿಹಾಸದೊಳಗೆ, ಸಹಿ ಮಾಡಿದ ಪ್ರತಿಯೊಂದು ಘಟನೆಯಲ್ಲಿ (ಸಂದೇಶ, ಸೇರ್ಪಡೆ ಮೊದಲಾದವು) ಆ ಹೆಸರು ಬೆಸೆದುಕೊಂಡಿರುತ್ತದೆ. ಹೆಸರು ಬದಲಿಸಬೇಕೆಂದರೆ ಹೊಸ ಸರ್ವರ್ ನಿಲ್ಲಿಸಿ ಶೂನ್ಯದಿಂದ ಆರಂಭಿಸುವುದೊಂದೇ ದಾರಿ. ಆದ್ದರಿಂದ ಚಾಟ್, ಮ್ಯಾಟ್ರಿಕ್ಸ್ ಮೊದಲಾದ ಉಪಡೊಮೈನ್‌ಗಳನ್ನು ಹೆಸರಾಗಿ ಕೊಡದೆ ಸಂಸ್ಥೆಯ ಮೂಲ ಡೊಮೈನನ್ನೇ ಕೊಟ್ಟು, ಸರ್ವರ್ ವಾಸ್ತವವಾಗಿ ಯಾವ ಉಪಡೊಮೈನಿನಲ್ಲಿದೆ ಎಂಬುದನ್ನು ಮೂಲ ಡೊಮೈನಿನ ವೆಲ್‌-ನೋನ್ ಕಡತಗಳ (ನಿಗದಿತ ವಿಳಾಸದಲ್ಲಿಡುವ ಸಣ್ಣ ಮಾಹಿತಿ ಕಡತಗಳ) ಮೂಲಕ ಸೂಚಿಸುವುದು ಸರಿಯಾದ ಕ್ರಮ. ಆಗ ಸದಸ್ಯರ ಗುರುತು ಅವರ ಇಮೇಲ್ ವಿಳಾಸದಂತೆಯೇ ಚಿಕ್ಕದಾಗಿರುತ್ತದೆ, ಯಂತ್ರ ಬದಲಾದರೂ ಗುರುತು ಬದಲಾಗುವುದಿಲ್ಲ. ಇಷ್ಟು ಮುಖ್ಯವಾದ ವಿಷಯಕ್ಕೆ ಜನರೇಟ್ ಆಜ್ಞೆ ಒಂದು ಎಚ್ಚರಿಕೆಯನ್ನಾದರೂ ಮುದ್ರಿಸಿ ದೃಢೀಕರಣ ಕೇಳಬೇಕಿತ್ತು ಎಂಬುದು ನನ್ನ ಆಕ್ಷೇಪ. ಇನ್ನೊಂದು ಸಣ್ಣ ವಿವರ: ಕಂಟೇನರಿನೊಳಗೆ ಸಿನಾಪ್ಸ್ ಓಡುವುದು 991 ಎಂಬ ಬಳಕೆದಾರ ಸಂಖ್ಯೆಯ ಅಡಿಯಲ್ಲಿ. ಹೆಸರಿಟ್ಟ ವಾಲ್ಯೂಮಿನ ಬದಲು ಯಂತ್ರದ ಕಡತಕೋಶವನ್ನು ಜೋಡಿಸುವವರು ಅದರ ಮಾಲೀಕತ್ವವನ್ನು ಇದಕ್ಕೆ ಹೊಂದಿಸಿಟ್ಟರೆ ಅನುಮತಿಯ ತಕರಾರು ಬರುವುದಿಲ್ಲ.

ಹೀಗೆ ಹುಟ್ಟಿದ ಸಂರಚನೆ ಎಸ್‌ಕ್ಯೂಲೈಟ್ ಡೇಟಾಬೇಸನ್ನು ಬಳಸುತ್ತದೆ. ಪರೀಕ್ಷೆಗೆ ಇದು ಸಾಕು, ಬಳಕೆಗೆ ಸಾಲದು; ಯೋಜನೆಯ ದಾಖಲೆಗಳೂ ಪೋಸ್ಟ್‌ಗ್ರೆಸ್ ಬಳಸಬೇಕೆಂದೇ ಹೇಳುತ್ತವೆ. ಇಲ್ಲಿ ಕಂಟೇನರ್ ಬಳಸುವವರು ನಿಂತು ನೋಡಬೇಕಾದ ಜಾಗವೊಂದಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಅಕ್ಷರ ವಿಂಗಡಣೆಯ ಕ್ರಮ, ಅಂದರೆ ಕೊಲೇಶನ್, ಸಿ ಎಂದಿರಬೇಕೆಂದು ಸಿನಾಪ್ಸ್ ಹಠ ಹಿಡಿಯುತ್ತದೆ; ಬೇರೆ ಏನಿದ್ದರೂ ಆರಂಭವಾಗಲು ನಿರಾಕರಿಸುತ್ತದೆ. ಹಠಕ್ಕೆ ಕಾರಣವಿದೆ. ಬೇರೆ ಭಾಷಾ ಕ್ರಮಗಳ ವಿಂಗಡಣೆಯ ನಿಯಮಗಳು ಕಾರ್ಯಾಚರಣ ವ್ಯವಸ್ಥೆಯ ಸಿ ಗ್ರಂಥಾಲಯದಿಂದ ಬರುತ್ತವೆ, ಆ ಗ್ರಂಥಾಲಯದ ಆವೃತ್ತಿ ಬದಲಾದರೆ ನಿಯಮಗಳೂ ಬದಲಾಗಬಹುದು, ಆಗ ಹಳೆಯ ನಿಯಮದಂತೆ ಕಟ್ಟಿದ ಸೂಚಿಗಳು (ಇಂಡೆಕ್ಸ್‌ಗಳು) ಸದ್ದಿಲ್ಲದೆ ಕೆಡುತ್ತವೆ. ಹಿಂದಿನ ಕಾಲದಲ್ಲಿ ಗ್ರಂಥಾಲಯ ಬದಲಾಗುತ್ತಿದ್ದುದು ಇಡೀ ಯಂತ್ರವನ್ನು ಮೇಲ್ದರ್ಜೆಗೇರಿಸಿದಾಗ ಮಾತ್ರ. ಕಂಟೇನರಿನಲ್ಲಿ ಇಮೇಜಿನ ಹೆಸರಿನ ಕೊನೆಯಲ್ಲಿ ಆಲ್ಪೈನ್ ಎಂದು ಸೇರಿಸಿದರೆ ಸಾಕು, ಸಿ ಗ್ರಂಥಾಲಯವೇ ಬೇರೆಯಾಗಿಬಿಡುತ್ತದೆ. ಕೊಲೇಶನ್ ಹೊಂದಿಸುವ ಆಯ್ಕೆಗಳನ್ನು ಕಂಪೋಸ್ ಕಡತದಲ್ಲಿ ಪೋಸ್ಟ್‌ಗ್ರೆಸ್ ಸೇವೆಯ ಪರಿಸರ ಚರಾಂಶವಾಗಿ (ಎನ್ವಿರಾನ್ಮೆಂಟ್ ವೇರಿಯಬಲ್) ಕೊಡಬೇಕು, ಮತ್ತು ಅವು ಪರಿಣಾಮ ಬೀರುವುದು ವಾಲ್ಯೂಮ್ ಖಾಲಿಯಿದ್ದಾಗ, ಮೊದಲ ಬಾರಿ ಆರಂಭವಾಗುವಾಗ ಮಾತ್ರ. ಒಮ್ಮೆ ತಪ್ಪು ಕ್ರಮದಲ್ಲಿ ವಾಲ್ಯೂಮ್ ಸೃಷ್ಟಿಯಾದರೆ ಆಮೇಲೆ ಚರಾಂಶವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಅಸುರಕ್ಷಿತ ಕ್ರಮಕ್ಕೆ ಅನುಮತಿ ಕೊಡುವ ಸಂರಚನಾ ಸಾಲೊಂದು ಇದೆ. ಅದನ್ನು ಸೇರಿಸಿ ಮುಂದೆ ಹೋಗಿ ಎಂಬ ಸಲಹೆ ಎಲ್ಲಿಯಾದರೂ ಕಂಡರೆ ದಯವಿಟ್ಟು ಕೇಳಬೇಡಿ.

ಪೋಸ್ಟ್‌ಗ್ರೆಸ್ ಇಮೇಜಿಗೆ ಲೇಟೆಸ್ಟ್ ಎಂಬ ಗುರುತು ಹಾಕುವುದೂ ಅಷ್ಟೇ ಅಪಾಯಕಾರಿ. ಒಂದು ಪ್ರಧಾನ ಆವೃತ್ತಿಯ ದತ್ತಾಂಶವನ್ನು ಮತ್ತೊಂದು ಪ್ರಧಾನ ಆವೃತ್ತಿ ನೇರವಾಗಿ ಓದಲಾರದು. ಇಮೇಜ್ ಬದಲಾದ ಕ್ಷಣ ಡೇಟಾಬೇಸ್ ಏಳುವುದಿಲ್ಲ, ಹಳೆಯ ಆವೃತ್ತಿಯಿಂದ ಪೂರ್ತಿ ಹೊರತೆಗೆದು ಹೊಸದರೊಳಗೆ ತುಂಬಬೇಕಾಗುತ್ತದೆ. 18ನೇ ಆವೃತ್ತಿಯ ಅಧಿಕೃತ ಇಮೇಜಿನಲ್ಲಿ ದತ್ತಾಂಶ ಇರುವ ಹಾದಿಯೇ ಬದಲಾಗಿರುವುದರಿಂದ, ಹಳೆಯ ಕಂಪೋಸ್ ಕಡತವನ್ನು ನಕಲು ಮಾಡುವವರು ವಾಲ್ಯೂಮ್ ಸಾಲನ್ನು ತಿದ್ದಿಕೊಳ್ಳಬೇಕು. ಪ್ರಧಾನ ಆವೃತ್ತಿಯ ಸಂಖ್ಯೆಯನ್ನು ಬರೆದೇ ಇಡುವುದು, ಡೇಟಾಬೇಸ್ ಸಿದ್ಧವಾದ ಮೇಲೆಯೇ ಸಿನಾಪ್ಸ್ ಆರಂಭವಾಗುವಂತೆ ಆರೋಗ್ಯ ತಪಾಸಣೆಯ ಷರತ್ತು ಹಾಕುವುದು, ಇವೆರಡರಿಂದ ಅರ್ಧದಷ್ಟು ತಲೆನೋವು ಕಡಿಮೆಯಾಗುತ್ತದೆ. ಸಿನಾಪ್ಸ್ ಇಮೇಜಿನಲ್ಲಿ ತನ್ನದೇ ಆರೋಗ್ಯ ತಪಾಸಣೆ ಅಂತರ್ಗತವಾಗಿದೆ ಎಂಬುದನ್ನು ಮೆಚ್ಚಬೇಕು.

ಇನ್ನು ಹೊರಜಗತ್ತಿಗೆ ತೆರೆದುಕೊಳ್ಳುವ ಭಾಗ. ಸಿನಾಪ್ಸ್ 8008ನೇ ಪೋರ್ಟಿನಲ್ಲಿ ಗೂಢಲಿಪೀಕರಣವಿಲ್ಲದೆ ಕೇಳುತ್ತದೆ. ಮುಂದೆ ಎಂಜಿನ್‌ಎಕ್ಸ್ ಅಥವಾ ಕ್ಯಾಡಿಯಂತಹ ರಿವರ್ಸ್ ಪ್ರಾಕ್ಸಿ ಕುಳಿತು ಪ್ರಮಾಣಪತ್ರದ ಕೆಲಸ ನೋಡಿಕೊಳ್ಳಬೇಕು. ಯಂತ್ರದ ಮೇಲೆ ಯುಎಫ್‌ಡಬ್ಲ್ಯು ಬೆಂಕಿಗೋಡೆ ಹಾಕಿಕೊಂಡು ನಿಶ್ಚಿಂತರಾಗಿರುವವರು ಗಮನಿಸಬೇಕಾದ ಸಂಗತಿಯೆಂದರೆ, ಡಾಕರ್ ತಾನು ಪ್ರಕಟಿಸುವ ಪೋರ್ಟ್‌ಗಳ ನಿಯಮಗಳನ್ನು ನೇರವಾಗಿ ಐಪಿಟೇಬಲ್ಸ್‌ಗೆ (ಲಿನಕ್ಸ್‌ನ ಜಾಲ ನಿಯಮಗಳ ಪಟ್ಟಿಗೆ) ಬರೆಯುತ್ತದೆ. ಬೆಂಕಿಗೋಡೆ ಮುಚ್ಚಿದೆ ಎಂದು ತೋರಿಸುತ್ತಿರುವಾಗಲೇ 8008 ಇಡೀ ಅಂತರಜಾಲಕ್ಕೆ ತೆರೆದಿರಬಹುದು. ಕಂಪೋಸ್ ಕಡತದಲ್ಲಿ ಪೋರ್ಟಿನ ಮುಂದೆ 127.0.0.1 (ಯಂತ್ರದೊಳಗಿನಿಂದ ಮಾತ್ರ ಸಿಗುವ ವಿಳಾಸ) ಎಂದು ಬರೆದರೆ ಈ ತೂತು ಮುಚ್ಚುತ್ತದೆ. ಪೋಸ್ಟ್‌ಗ್ರೆಸ್ ಸೇವೆಗೆ ಪೋರ್ಟ್ ಪ್ರಕಟಿಸುವ ಅಗತ್ಯವೇ ಇಲ್ಲ, ಕಂಪೋಸ್ ಕಟ್ಟುವ ಒಳಜಾಲದಲ್ಲಿ ಅದು ಸಿನಾಪ್ಸ್‌ಗೆ ಹೆಸರಿನಿಂದಲೇ ಸಿಗುತ್ತದೆ.

ಎಂಜಿನ್‌ಎಕ್ಸ್ ಬಳಸುವವರಿಗೆ ಎರಡು ಸೂಕ್ಷ್ಮಗಳಿವೆ. ಪ್ರಾಕ್ಸಿಯ ಗುರಿ ವಿಳಾಸದಲ್ಲಿ ಪೋರ್ಟ್ ಸಂಖ್ಯೆಯ ನಂತರ ಒಂದೇ ಒಂದು ಓರೆಗೆರೆ (/) ಬಿದ್ದರೂ ಎಂಜಿನ್‌ಎಕ್ಸ್ ಕೋರಿಕೆಯ ಹಾದಿಯನ್ನು ತನಗೆ ಸರಿತೋರಿದಂತೆ ತಿದ್ದಿ ಕಳಿಸುತ್ತದೆ, ಸರ್ವರ್‌ಗಳ ನಡುವಿನ ಸಹಿ ಪರಿಶೀಲನೆ ಅದರಿಂದ ವಿಫಲವಾಗುತ್ತದೆ. ದೋಷ ಸಂದೇಶ ಸಹಿಯ ಬಗ್ಗೆ ಮಾತನಾಡುತ್ತದೆಯೇ ಹೊರತು ಓರೆಗೆರೆಯ ಬಗ್ಗೆಯಲ್ಲ. ಇನ್ನೊಂದು, ಕಡತದ ಗಾತ್ರದ ಮಿತಿ. ಸಿನಾಪ್ಸ್ ಪೂರ್ವನಿಯೋಜಿತವಾಗಿ 50 ಎಂಬಿವರೆಗಿನ ಕಡತಗಳನ್ನು ಒಪ್ಪುತ್ತದೆ, ಎಂಜಿನ್‌ಎಕ್ಸ್ ಒಪ್ಪುವುದು 1 ಎಂಬಿ ಮಾತ್ರ. ಎರಡನ್ನೂ ಹೊಂದಿಸದಿದ್ದರೆ ಮಾತು ಹೋಗುತ್ತದೆ, ಫೋಟೊ ಹೋಗುವುದಿಲ್ಲ ಎಂಬ ವಿಚಿತ್ರ ದೂರು ಮೊದಲ ದಿನವೇ ಬರುವುದು ಖಂಡಿತ.

ಇತರ ಸರ್ವರ್‌ಗಳೊಂದಿಗಿನ ಒಕ್ಕೂಟ, ಅಂದರೆ ಫೆಡರೇಶನ್, ಪೂರ್ವನಿಯೋಜಿತವಾಗಿ ತೆರೆದೇ ಇರುತ್ತದೆ. ಮ್ಯಾಟ್ರಿಕ್ಸ್ ಅಭಿಮಾನಿಗಳಿಗೆ ಇದೇ ಅದರ ಜೀವಾಳ. ಆದರೆ ಒಳಬಳಕೆಯ ಸಂಸ್ಥೆಗೆ ನನ್ನ ಶಿಫಾರಸು ಅದನ್ನು ಮುಚ್ಚಿ ಆರಂಭಿಸಿ ಎಂದೇ. ಅನುಮತಿಸಿದ ಡೊಮೈನ್‌ಗಳ ಪಟ್ಟಿಯನ್ನು ಖಾಲಿ ಪಟ್ಟಿಯಾಗಿ ಬರೆದಿಟ್ಟರೆ ಒಕ್ಕೂಟ ನಿಲ್ಲುತ್ತದೆ, ಮುಂದೆ ಬೇಕಾದಾಗ ಒಂದೊಂದೇ ಹೆಸರು ಸೇರಿಸಬಹುದು. ಕಾರಣ ತತ್ವದ್ದಲ್ಲ, ಸಂಪನ್ಮೂಲದ್ದು. ಸದಸ್ಯರೊಬ್ಬರು ಕುತೂಹಲಕ್ಕೆ ಸಾವಿರಾರು ಜನರಿರುವ ಸಾರ್ವಜನಿಕ ಕೋಣೆಯೊಂದನ್ನು ಸೇರಿದರೆ ಸಾಕು, ಆ ಕೋಣೆಯ ಸದಸ್ಯತ್ವದ ಸ್ಥಿತಿ ಮತ್ತು ಹರಿದುಬರುವ ಘಟನೆಗಳೆಲ್ಲ ನಮ್ಮ ಡೇಟಾಬೇಸಿನಲ್ಲಿ ಜಾಗ ಹಿಡಿಯುತ್ತವೆ, ನೆನಪಿನ ಬಳಕೆ ಜಿಗಿಯುತ್ತದೆ, ಹೊರಗಿನವರು ಕಳಿಸಿದ ಚಿತ್ರಗಳು ನಮ್ಮ ಡಿಸ್ಕಿನಲ್ಲಿ ಕೂರುತ್ತವೆ. ಸ್ಟೇಟ್ ಗ್ರೂಪ್ಸ್ ಸ್ಟೇಟ್ ಎಂಬ ಒಂದೇ ಕೋಷ್ಟಕ ಉಳಿದೆಲ್ಲವನ್ನೂ ಮೀರಿ ಬೆಳೆಯುವುದು ಸಿನಾಪ್ಸ್ ನಿರ್ವಾಹಕರಿಗೆ ಚಿರಪರಿಚಿತ ಸಮಸ್ಯೆ. ಅದನ್ನು ಕುಗ್ಗಿಸಲೆಂದೇ ರಸ್ಟ್‌ನಲ್ಲಿ ಬರೆದ ಪ್ರತ್ಯೇಕ ಸಾಧನವಿದೆ ಎಂಬುದೇ ಸಮಸ್ಯೆಯ ಗಾತ್ರಕ್ಕೆ ಸಾಕ್ಷಿ. ಒಕ್ಕೂಟ ಮುಚ್ಚಿದ ಸಣ್ಣ ಸರ್ವರ್ 2 ಜಿಬಿ ನೆನಪಿನ ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಸಹಿತ ಆರಾಮವಾಗಿ ಇರುತ್ತದೆ. ತೆರೆದಿಟ್ಟರೆ ಅದೇ ಯಂತ್ರದ ಬಗ್ಗೆ ಆ ಭರವಸೆ ಕೊಡಲಾರೆ.

ನೋಂದಣಿಯ ವಿಷಯದಲ್ಲಿ ಸಿನಾಪ್ಸ್ ತೋರುವ ಎಚ್ಚರ ನನಗೆ ಹಿಡಿಸಿತು. ಹೊಸಬರ ನೋಂದಣಿ ಮೊದಲಿನಿಂದಲೇ ಮುಚ್ಚಿರುತ್ತದೆ. ಯಾವ ಪರಿಶೀಲನೆಯೂ ಇಲ್ಲದೆ ಎಲ್ಲರಿಗೂ ತೆರೆಯಲು ಹೊರಟರೆ, ಗೊತ್ತಿದ್ದೇ ಮಾಡುತ್ತಿದ್ದೇನೆಂದು ಇನ್ನೊಂದು ಸಾಲಿನಲ್ಲಿ ಬರೆದುಕೊಡುವವರೆಗೆ ಸರ್ವರ್ ಏಳುವುದೇ ಇಲ್ಲ. ಕಂಟೇನರಿನೊಳಗಿನ ಆಜ್ಞೆಯೊಂದರಿಂದ ಮೊದಲ ನಿರ್ವಾಹಕ ಖಾತೆಯನ್ನು ಸೃಷ್ಟಿಸಿ, ಉಳಿದವರಿಗೆ ನೋಂದಣಿ ಟೋಕನ್ (ಆಹ್ವಾನದ ಗುಪ್ತ ಸಂಕೇತ) ಕೊಡುವುದು ಅಚ್ಚುಕಟ್ಟಾದ ಕ್ರಮ.

ಸದಸ್ಯರು ಕಾಣುವ ಮುಖ ಎಲಿಮೆಂಟ್ ಎಂಬ ಆ್ಯಪ್. ಇದರ ವೆಬ್ ರೂಪ ಕೂಡ ಒಂದು ಸಣ್ಣ ಕಂಟೇನರ್, ಸ್ಥಿರ ಕಡತಗಳನ್ನು ಬಡಿಸುವುದಷ್ಟೇ ಅದರ ಕೆಲಸ. ಒಂದು ಜೇಸನ್ ಕಡತದಲ್ಲಿ ನಮ್ಮ ಸರ್ವರಿನ ವಿಳಾಸ ಬರೆದರೆ ಮುಗಿಯಿತು. ಫೋನುಗಳಿಗೆ ಈಗ ಸಲಹೆ ಮಾಡುವುದು ಎಲಿಮೆಂಟ್ ಎಕ್ಸ್ ಎಂಬ ಹೊಸ ಆ್ಯಪ್. ಇದು ಸ್ಲೈಡಿಂಗ್ ಸಿಂಕ್ ಎಂಬ, ಸರ್ವರಿನಿಂದ ಸಂದೇಶಗಳನ್ನು ತರಿಸಿಕೊಳ್ಳುವ ಹೊಸ ವಿಧಾನವನ್ನು ಬೇಡುತ್ತದೆ. ಮೊದಲು ಅದಕ್ಕಾಗಿ ಬೇರೆ ಪ್ರಾಕ್ಸಿ ಕಂಟೇನರ್ ಓಡಿಸಬೇಕಿತ್ತು, 2024ರ ಸೆಪ್ಟೆಂಬರಿನ 1.114 ಆವೃತ್ತಿಯಿಂದ ಸಿನಾಪ್ಸ್‌ನಲ್ಲೇ ಸೇರಿಕೊಂಡಿದೆ. ಹಳೆಯ ಮಾರ್ಗದರ್ಶಿಗಳು ಇನ್ನೂ ಆ ಪ್ರಾಕ್ಸಿಯನ್ನು ನಿಲ್ಲಿಸಲು ಹೇಳುತ್ತವೆ, ಅದು ಬೇಕಿಲ್ಲ. ಹಳೆಯ ಫೋನಿನಲ್ಲಿ ಕೂಡ ಎಲಿಮೆಂಟ್ ಎಕ್ಸ್ ತೆರೆದುಕೊಳ್ಳುವ ವೇಗ ಹಿಂದಿನ ಆ್ಯಪಿಗೆ ಹೋಲಿಸಿದರೆ ಬೇರೆಯದೇ ಮಟ್ಟದ್ದು.

ಭಾರತದಲ್ಲಿರುವವರು ಒಂದು ಸಂಗತಿ ತಿಳಿದಿರಬೇಕು. ಜಮ್ಮು ಕಾಶ್ಮೀರದಲ್ಲಿ ಉಗ್ರರು ಬಳಸುತ್ತಾರೆಂಬ ಕಾರಣ ಕೊಟ್ಟು 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 14 ಸಂದೇಶ ಆ್ಯಪ್‌ಗಳ ಪಟ್ಟಿಯಲ್ಲಿ ಎಲಿಮೆಂಟ್ ಕೂಡ ಇತ್ತು. ಮಾನಕ ಬೇರೆ, ಆ್ಯಪ್ ಬೇರೆ. ಅದೇ ಸರ್ವರಿಗೆ ಫ್ಲಫಿಚಾಟ್‌ನಂತಹ ಬೇರೆ ಆ್ಯಪ್‌ಗಳಿಂದಲೂ ಸೇರಬಹುದು, ವೆಬ್ ರೂಪವನ್ನು ನಮ್ಮ ಸರ್ವರಿನಿಂದಲೇ ಕೊಡಬಹುದು. ಆದರೂ ಒಂದೇ ಆ್ಯಪನ್ನು ನಂಬಿ ಇಡೀ ಸಂಸ್ಥೆಯನ್ನು ಕರೆತರುವ ಮುನ್ನ ಪರ್ಯಾಯವನ್ನೂ ಒಮ್ಮೆ ಸದಸ್ಯರ ಕೈಯಲ್ಲಿ ಪರೀಕ್ಷಿಸಿಟ್ಟುಕೊಳ್ಳುವುದು ಒಳ್ಳೆಯದು.

ಧ್ವನಿ ಮತ್ತು ದೃಶ್ಯ ಕರೆಗಳ ಭಾಗಕ್ಕೆ ಬಂದಾಗ ಕಂಟೇನರಿನ ಸೊಗಸು ತೆಳುವಾಗುತ್ತದೆ. ಮೊಬೈಲ್ ಜಾಲಗಳಲ್ಲಿ ಅನೇಕ ಚಂದಾದಾರರು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರುವುದರಿಂದ ಇಬ್ಬರ ಫೋನುಗಳು ಒಂದನ್ನೊಂದು ನೇರವಾಗಿ ಮುಟ್ಟಲಾರವು. ನಡುವೆ ಮಾತನ್ನು ಸಾಗಿಸಿಕೊಡುವ ಟರ್ನ್ ಸರ್ವರ್ ಬೇಕು. ಸಾಮಾನ್ಯವಾಗಿ ಬಳಸುವ ಕೋಟರ್ನ್ 49152ರಿಂದ 65535ರವರೆಗಿನ ಯುಡಿಪಿ ಪೋರ್ಟ್‌ಗಳನ್ನು ತನ್ನದಾಗಿಸಿಕೊಳ್ಳುತ್ತದೆ, ಅಂದರೆ 16,384 ಪೋರ್ಟ್‌ಗಳು. ಇಷ್ಟನ್ನೂ ಕಂಪೋಸ್ ಕಡತದಲ್ಲಿ ಪ್ರಕಟಿಸಲು ಹೋದರೆ ಡಾಕರ್ ಪ್ರತಿ ಪೋರ್ಟಿಗೂ ಒಂದು ಮಧ್ಯವರ್ತಿ ಪ್ರಕ್ರಿಯೆಯನ್ನು ಹುಟ್ಟಿಸುತ್ತದೆ, ಯಂತ್ರ ಉಸಿರುಗಟ್ಟುತ್ತದೆ. ವ್ಯಾಪ್ತಿಯನ್ನು ಕೆಲವು ನೂರಕ್ಕೆ ಇಳಿಸಬೇಕು, ಇಲ್ಲವೇ ಆ ಕಂಟೇನರಿಗೆ ಯಂತ್ರದ ಜಾಲವನ್ನೇ ನೇರವಾಗಿ ಕೊಡಬೇಕು; ಎರಡನೆಯದನ್ನು ಮಾಡಿದರೆ ಕಂಟೇನರ್ ಕೊಡುವ ಬೇರ್ಪಡಿಕೆಯ ಬಹುಭಾಗವನ್ನು ನಾವೇ ಬಿಟ್ಟುಕೊಟ್ಟಂತೆ. ಎಲಿಮೆಂಟ್ ಎಕ್ಸ್‌ನಲ್ಲಿ ಕರೆಗಳು ಬೇಕೆಂದರೆ ಕೋಟರ್ನ್ ಸಾಲದು, ಲೈವ್‌ಕಿಟ್ ಎಂಬ ಮಾಧ್ಯಮ ಸರ್ವರ್ ಹಾಗೂ ಅದಕ್ಕೆ ಪ್ರವೇಶಪತ್ರ ನೀಡುವ ಇನ್ನೊಂದು ಸಣ್ಣ ಸೇವೆಯನ್ನೂ ನಿಲ್ಲಿಸಬೇಕು. ಮೂರು ಕಂಟೇನರ್‌ಗಳಿಂದ ಆರಂಭವಾದ ಕಂಪೋಸ್ ಕಡತ ಹೀಗೆ ಆರಕ್ಕೆ ಬೆಳೆಯುತ್ತದೆ. ಬರಹದ ಸಂದೇಶ ಮತ್ತು ಕಡತ ಹಂಚಿಕೆಯಷ್ಟೇ ಸಾಕೆಂದಾದರೆ ಈ ಇಡೀ ಅಧ್ಯಾಯವನ್ನು ಬಿಟ್ಟುಬಿಡಿ. ಕರೆಗಳೇ ಮುಖ್ಯವೆಂದಾದರೆ ಅಳವಡಿಕೆಗೆ ನಾನು ಹೇಳಿದ ಅರ್ಧ ದಿನವನ್ನು ನಂಬಬೇಡಿ.

ಸ್ವಂತ ಸರ್ವರ್ ಎಂದ ಮಾತ್ರಕ್ಕೆ ಎಲ್ಲವೂ ಸ್ವಂತವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಫೋನಿಗೆ ಬರುವ ಸೂಚನೆಗಳು ಆ್ಯಪ್ ತಯಾರಕರ ಸೂಚನಾ ಸರ್ವರ್ ಮೂಲಕ ಗೂಗಲ್ ಅಥವಾ ಆಪಲ್ ಸೇವೆಗಳನ್ನು ದಾಟಿಯೇ ಬರುತ್ತವೆ. ಎಲಿಮೆಂಟ್ ಆ್ಯಪ್‌ಗಳು ಆ ದಾರಿಯಲ್ಲಿ ಘಟನೆಯ ಗುರುತಿನ ಸಂಖ್ಯೆಯನ್ನಷ್ಟೇ ಕಳಿಸಿ, ಸಂದೇಶವನ್ನು ನಮ್ಮ ಸರ್ವರಿನಿಂದಲೇ ಎಳೆದುಕೊಳ್ಳುವುದರಿಂದ ಒಳಗಿನ ಮಾತು ಹೊರಗೆ ಹೋಗುವುದಿಲ್ಲ. ಯಾವಾಗ ಯಾರ ಫೋನಿಗೆ ಏನೋ ಬಂತು ಎಂಬ ಸುಳಿವು ಮಾತ್ರ ಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ ಯೂನಿಫೈಡ್ ಪುಶ್ ಮೂಲಕ ಇದಕ್ಕೂ ಸ್ವಂತ ದಾರಿ ಮಾಡಿಕೊಳ್ಳಬಹುದು.

ಗೂಢಲಿಪೀಕರಣದ ವಿಷಯಕ್ಕೆ ಬರೋಣ, ಏಕೆಂದರೆ ಸಣ್ಣ ಸಂಸ್ಥೆಯಲ್ಲಿ ನಿರ್ವಾಹಕರ ಸಮಯ ಹೆಚ್ಚು ಹೋಗುವುದು ಇಲ್ಲಿಯೇ. ಎಲಿಮೆಂಟ್‌ನಲ್ಲಿ ಖಾಸಗಿ ಮಾತುಕತೆಗಳು 2020ರ ಮೇ ತಿಂಗಳಿನಿಂದ ಪೂರ್ವನಿಯೋಜಿತವಾಗಿ ತುದಿಯಿಂದ ತುದಿಗೆ ಗೂಢಲಿಪಿಯಲ್ಲಿ ಸಾಗುತ್ತವೆ. ಸರ್ವರ್ ನಡೆಸುವವರಿಗೂ ಅವು ಓದಲು ಸಿಗುವುದಿಲ್ಲ, ಇದು ಬಹಳ ದೊಡ್ಡ ಗುಣ. ಅದೇ ಗುಣದ ಇನ್ನೊಂದು ಮುಖವೆಂದರೆ, ಸದಸ್ಯರು ಗುಪ್ತಪದ ಮರೆತರೆ ನಿರ್ವಾಹಕರು ಹೊಸದನ್ನು ಕೊಡಬಹುದು, ಹಳೆಯ ಸಂದೇಶಗಳನ್ನು ಮರಳಿಸಿಕೊಡಲಾರರು. ಅದಕ್ಕೆ ಸದಸ್ಯರೇ ಬರೆದಿಟ್ಟುಕೊಂಡ ಮರುಪಡೆಯುವ ಕೀಲಿ ಬೇಕು. ಫೋನ್ ಕಳೆದುಹೋಗಿ, ಕೀಲಿಯೂ ಇಲ್ಲವೆಂದಾದರೆ ಆ ಇತಿಹಾಸ ಮುಗಿದ ಕಥೆ. ವಾಟ್ಸ್‌ಆ್ಯಪ್ ಬಳಸಿ ಅಭ್ಯಾಸವಾದ ಹಿರಿಯರಿಗೆ ಈ ಕೀಲಿಯ ಮಹತ್ವವನ್ನು ಪರದೆಯ ಮೇಲಿನ ಇಂಗ್ಲಿಷ್ ಸೂಚನೆಗಳು ಮುಟ್ಟಿಸುವುದಿಲ್ಲ; ಕನ್ನಡದಲ್ಲಿ ಒಂದು ಹಾಳೆ ಬರೆದು, ಸೇರ್ಪಡೆಯ ದಿನವೇ ಪಕ್ಕದಲ್ಲಿ ಕೂತು ಕೀಲಿಯನ್ನು ಡೈರಿಯಲ್ಲಿ ಬರೆಸಿಕೊಳ್ಳುವುದಕ್ಕಿಂತ ಉತ್ತಮವಾದ ತಾಂತ್ರಿಕ ಪರಿಹಾರ ನನಗೆ ತಿಳಿದಿಲ್ಲ.

ಎಲ್ಲ ಕೋಣೆಗಳಿಗೂ ಗೂಢಲಿಪೀಕರಣ ಬೇಕೇ ಎಂಬುದನ್ನೂ ಮೊದಲೇ ಯೋಚಿಸಬೇಕು. ಒಂದು ಕೋಣೆಯಲ್ಲಿ ಒಮ್ಮೆ ಹಾಕಿದರೆ ತೆಗೆಯಲಾಗದು. ಪ್ರಕಟಣೆಗಳ ಕೋಣೆಗೆ ಅದು ಅನಗತ್ಯ, ಹುಡುಕಾಟಕ್ಕೆ ಅಡ್ಡಿ ಕೂಡ. ಗೂಢಲಿಪಿಯ ಕೋಣೆಯಲ್ಲಿ ಸರ್ವರ್ ಏನನ್ನೂ ಹುಡುಕಿಕೊಡದು, ಡೆಸ್ಕ್‌ಟಾಪ್ ಆ್ಯಪ್ ತನ್ನಲ್ಲೇ ಸೂಚಿ ಕಟ್ಟಿಕೊಂಡು ಹುಡುಕುತ್ತದೆ. ತೆರೆದ ಕೋಣೆಗಳಲ್ಲಿ ಸಿನಾಪ್ಸ್ ಪೋಸ್ಟ್‌ಗ್ರೆಸ್‌ನ ಪಠ್ಯ ಶೋಧವನ್ನು ಇಂಗ್ಲಿಷ್ ನಿಯಮಗಳೊಂದಿಗೆ ಬಳಸುತ್ತದೆ. ಮೀಟಿಂಗ್ಸ್ ಎಂಬುದರೊಳಗಿನ ಮೀಟಿಂಗ್ ಅದಕ್ಕೆ ಗೊತ್ತು. ಸಭೆಗೆ, ಸಭೆಯಲ್ಲಿ, ಸಭೆಯನ್ನು ಎಂಬ ರೂಪಗಳೆಲ್ಲ ಒಂದೇ ಪದದವೆಂದು ಗೊತ್ತಿಲ್ಲ. ಕನ್ನಡದಲ್ಲಿ ಮಾತನಾಡುವ ಗುಂಪಿಗೆ ಇದು ಸಣ್ಣ ಕೊರತೆಯಲ್ಲ, ಏಕೆಂದರೆ ನಮ್ಮ ವಾಕ್ಯಗಳಲ್ಲಿ ನಾಮಪದ ಪ್ರತ್ಯಯವಿಲ್ಲದೆ ಬರುವುದೇ ಕಡಿಮೆ. ಮುಖ್ಯ ನಿರ್ಣಯಗಳ ಸಂದೇಶಕ್ಕೆ ಒಂದು ನಿಗದಿತ ಗುರುತು ಪದವನ್ನು ಸೇರಿಸುವ ಪದ್ಧತಿ ಇಟ್ಟುಕೊಂಡರೆ ಹುಡುಕಾಟ ಒಂದಷ್ಟು ಹಾದಿಗೆ ಬರುತ್ತದೆ.

ಬೇರೆ ತಂತ್ರಾಂಶಗಳ ಜೊತೆ ಹೋಲಿಸಿ ನೋಡುವವರಿಗೆ ಎರಡು ಮಾತು. ಜುಲಿಪ್ ತನ್ನ ಕಂಟೇನರ್ ರೂಪದಲ್ಲಿ ಪೋಸ್ಟ್‌ಗ್ರೆಸ್, ಮೆಮ್‌ಕ್ಯಾಶ್ಡ್, ರ್‍ಯಾಬಿಟ್‌ಎಂಕ್ಯೂ, ರೆಡಿಸ್ ಎಂಬ ನಾಲ್ಕು ಪೂರಕ ಸೇವೆಗಳನ್ನೂ ಜೊತೆಗೆ ತರುತ್ತದೆ. ವಿಷಯವಾರು ಎಳೆಗಳಾಗಿ ಮಾತುಕತೆಯನ್ನು ಜೋಡಿಸುವ ಅದರ ಪದ್ಧತಿ, ನಿಧಾನವಾಗಿ ಚರ್ಚಿಸುವ ಗುಂಪುಗಳಿಗೆ ಮ್ಯಾಟ್ರಿಕ್ಸ್‌ಗಿಂತ ಚೆನ್ನಾಗಿ ಒಗ್ಗುತ್ತದೆ. ರಾಕೆಟ್ ಚಾಟ್ ಒಂದೇ ಯಂತ್ರವಿದ್ದರೂ ಮೊಂಗೋಡಿಬಿ ಡೇಟಾಬೇಸನ್ನು ಪ್ರತಿಕೃತಿ ಗುಂಪಿನ ರೂಪದಲ್ಲೇ ಹೊಂದಿಸಲು ಕೇಳುತ್ತದೆ. ಮ್ಯಾಟ್ರಿಕ್ಸ್‌ನೊಳಗೇ ಹಗುರವಾದದ್ದು ಬೇಕೆಂದರೆ ರಸ್ಟ್‌ನಲ್ಲಿ ಬರೆದ ಕಂಡ್ಯೂಟ್ ಇದೆ, ಅದಕ್ಕೆ ಪ್ರತ್ಯೇಕ ಡೇಟಾಬೇಸ್ ಸರ್ವರೇ ಬೇಡ. ಗೂಢಲಿಪೀಕರಣ ಮತ್ತು ಮುಂದೊಂದು ದಿನ ಇತರ ಸಂಸ್ಥೆಗಳೊಡನೆ ಬೆಸೆದುಕೊಳ್ಳುವ ಅವಕಾಶ ಎರಡೂ ಬೇಕಿದ್ದುದರಿಂದ ನನ್ನ ಆಯ್ಕೆ ಸಿನಾಪ್ಸ್ ಆಯಿತು, ಅದನ್ನು ಬದಲಿಸುವ ಕಾರಣ ಈವರೆಗೆ ಕಂಡಿಲ್ಲ.

ನಿರ್ವಹಣೆಯಲ್ಲಿ ಡಿಸ್ಕಿನ ಮೇಲೆ ಸದಾ ಕಣ್ಣಿರಬೇಕು. ಡಾಕರ್ ತನ್ನ ಪೂರ್ವನಿಯೋಜಿತ ಕ್ರಮದಲ್ಲಿ ಕಂಟೇನರ್ ಲಾಗ್‌ಗಳನ್ನು ಜೇಸನ್ ಕಡತಗಳಲ್ಲಿ ಮಿತಿಯಿಲ್ಲದೆ ಬರೆಯುತ್ತಾ ಹೋಗುತ್ತದೆ, ಸಿನಾಪ್ಸ್ ಮಾತುಗಾರ ತಂತ್ರಾಂಶ. ಗಾತ್ರದ ಮಿತಿಯನ್ನು ಕಂಪೋಸ್ ಕಡತದಲ್ಲೇ ಬರೆಯುವುದು ಲೇಸು. ಮಾಧ್ಯಮ ಕಡತಗಳಿಗೆ ಆಯುಷ್ಯ ನಿಗದಿಪಡಿಸುವ ಸಂರಚನೆ ಇದೆ. ಹೊರಗಿನ ಸರ್ವರ್‌ಗಳಿಂದ ಬಂದವಕ್ಕೆ ಕಡಿಮೆ, ನಮ್ಮವಕ್ಕೆ ಹೆಚ್ಚು ಎಂದು ಬೇರೆಬೇರೆಯಾಗಿ ಇಡಬಹುದು. ಸಿನಾಪ್ಸ್ ಸುಮಾರು ಎರಡು ವಾರಕ್ಕೊಂದು ಹೊಸ ಆವೃತ್ತಿ ಬಿಡುತ್ತದೆ. ಇಮೇಜ್ ಎಳೆದು ಮರುಆರಂಭಿಸಿದರೆ ಡೇಟಾಬೇಸಿನ ರಚನೆಯ ಬದಲಾವಣೆಗಳೂ ತಾವಾಗಿಯೇ ಆಗುತ್ತವೆ. ಆದರೆ ಹಿಂದಿನ ಆವೃತ್ತಿಗೆ ಮರಳುವುದಕ್ಕೆ ಮಿತಿಯಿದೆ, ರಚನೆ ತೀರಾ ಮುಂದೆ ಹೋಗಿದ್ದರೆ ಹಳೆಯ ಇಮೇಜ್ ಓಡುವುದಿಲ್ಲ. ಆದ್ದರಿಂದ ತಾನಾಗಿ ಇಮೇಜ್ ನವೀಕರಿಸುವ ಸಾಧನಗಳಿಗೆ ಈ ಸರ್ವರನ್ನು ಒಪ್ಪಿಸಬೇಡಿ. ಆವೃತ್ತಿ ಸಂಖ್ಯೆ ಬರೆದಿಟ್ಟು, ಟಿಪ್ಪಣಿ ಓದಿ, ಬ್ಯಾಕಪ್ ತೆಗೆದು ಏರಿಸಿ. ಹಾಗೆಂದು ಮುಂದೂಡುತ್ತಲೇ ಹೋಗುವಂತೆಯೂ ಇಲ್ಲ. 2025ರ ಆಗಸ್ಟ್‌ನಲ್ಲಿ ಮ್ಯಾಟ್ರಿಕ್ಸ್ ಮಾನಕದಲ್ಲೇ ಇದ್ದ ಭದ್ರತಾ ದೋಷಗಳಿಗಾಗಿ ಹಲವು ಸರ್ವರ್ ತಂತ್ರಾಂಶಗಳು ಒಟ್ಟಾಗಿ ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡಿ, ಕೋಣೆಗಳಿಗೆ 12ನೇ ಆವೃತ್ತಿಯನ್ನು ತಂದವು. ಒಕ್ಕೂಟ ತೆರೆದಿದ್ದ ಸರ್ವರ್‌ಗಳ ನಿರ್ವಾಹಕರು ಆ ವಾರ ರಜೆಯಲ್ಲಿರುವಂತಿರಲಿಲ್ಲ.

ಬ್ಯಾಕಪ್ ಎಂದರೆ ಇಲ್ಲಿ ವಾಲ್ಯೂಮಿನ ನಕಲು ಎಂದು ತಿಳಿಯಬಾರದು. ಓಡುತ್ತಿರುವ ಪೋಸ್ಟ್‌ಗ್ರೆಸ್ ವಾಲ್ಯೂಮನ್ನು ಕಡತವಾಗಿ ನಕಲಿಸಿದರೆ ಅದು ಮರುಸ್ಥಾಪನೆಗೆ ಬರುವ ಖಾತ್ರಿಯಿಲ್ಲ; ಪಿಜಿ ಡಂಪ್ ಆಜ್ಞೆಯಿಂದ ಡೇಟಾಬೇಸನ್ನು ಹೊರತೆಗೆಯಬೇಕು, ಅದರೊಡನೆ ಸಂರಚನಾ ಕಡತ, ಸಹಿಯ ಕೀಲಿ ಮತ್ತು ನಮ್ಮ ಸದಸ್ಯರ ಮಾಧ್ಯಮ ಕಡತಗಳನ್ನು ಬೇರೆ ಯಂತ್ರಕ್ಕೆ ಸಾಗಿಸಬೇಕು. ಹೊರಗಿನಿಂದ ಬಂದ ಮಾಧ್ಯಮವನ್ನು ಬಿಟ್ಟರೂ ನಡೆಯುತ್ತದೆ, ಬೇಕಾದಾಗ ಅದನ್ನು ಮೂಲ ಸರ್ವರಿನಿಂದ ಮತ್ತೆ ತರಿಸಿಕೊಳ್ಳಬಹುದು. ಒಂದು ಕೋಷ್ಟಕದ ದತ್ತಾಂಶವನ್ನು ಮಾತ್ರ ಉದ್ದೇಶಪೂರ್ವಕವಾಗಿ ಹೊರಗಿಡಬೇಕೆಂದು ಯೋಜನೆಯ ದಾಖಲೆಗಳು ಹೇಳುತ್ತವೆ: ಗೂಢಲಿಪೀಕರಣದ ಒಂದು ಬಾರಿಯ ಕೀಲಿಗಳ ಕೋಷ್ಟಕ. ಹಳೆಯ ಬ್ಯಾಕಪ್ ಮರುಸ್ಥಾಪಿಸಿದಾಗ ಈಗಾಗಲೇ ಬಳಸಿ ಮುಗಿದ ಕೀಲಿಗಳನ್ನು ಸರ್ವರ್ ಮತ್ತೆ ಹಂಚಿಬಿ‌ಟ್ಟರೆ ಸಂದೇಶಗಳು ಬಿಡಿಸಲಾಗದೆ ಉಳಿಯುತ್ತವೆ. ಕೋಷ್ಟಕ ಖಾಲಿಯಿದ್ದರೆ ಸದಸ್ಯರ ಆ್ಯಪ್‌ಗಳು ಹೊಸ ಕೀಲಿಗಳನ್ನು ತಾವೇ ತಂದು ತುಂಬುತ್ತವೆ. ಮರುಸ್ಥಾಪನೆಯನ್ನು ಬೇರೊಂದು ಯಂತ್ರದಲ್ಲಿ ಆಗಾಗ ಮಾಡಿ ನೋಡಬೇಕು, ಆ ಪ್ರತಿಯನ್ನು ಹೊರಜಾಲಕ್ಕೆ ಬಿಡದೆ ಒಳಗೇ ಏಳಿಸಬೇಕು. ಒಂದೇ ಹೆಸರು ಮತ್ತು ಒಂದೇ ಸಹಿಯ ಕೀಲಿ ಹೊತ್ತ ಎರಡು ಸರ್ವರ್‌ಗಳು ಏಕಕಾಲಕ್ಕೆ ಒಕ್ಕೂಟದೊಡನೆ ಮಾತನಾಡತೊಡಗಿದರೆ ಕೋಣೆಗಳ ಇತಿಹಾಸ ಕವಲೊಡೆಯುತ್ತದೆ, ಮತ್ತು ಇಮೇಲ್ ಹಾಗೂ ಫೋನ್ ಸೂಚನೆಗಳು ಪರೀಕ್ಷಾ ಪ್ರತಿಯಿಂದಲೂ ಸದಸ್ಯರಿಗೆ ಹೋಗಬಹುದು.